ಮಕ್ಕಳಿಗೆ 18 ತುಂಬಿದಾಗ ಕೋರ್ಟಿನಿಂದ ಒಂದು ಕಾಗದ ಬರಲಿ

ಕರ್ನಾಟಕ ಹೈಕೋರ್ಟ್‌ನ ಗೌರವಾನ್ವಿತ ಮುಖ್ಯ ನ್ಯಾಯಮೂರ್ತಿಗಳಿಗೆ,

ನಮಸ್ಕಾರ.

ನನ್ನ ಹತ್ತಿರ ಒಂದು ಕೋರ್ಟ್ ಆದೇಶದ ಸರ್ಟಿಫೈಡ್ ಕಾಪಿ ಇದೆ. ಸೈಟಿನಲ್ಲಿದ್ದ ನನ್ನ ಮಕ್ಕಳ ಪಾಲನ್ನು ಮಾರಲು ಅನುಮತಿ ಕೊಟ್ಟ ಆದೇಶ ಅದು. ಅದರ ಮೊದಲ ಪುಟದಲ್ಲಿ ನನ್ನ ಮಗಳ ಹೆಸರಿನ ಮುಂದೆ ‘ವಯಸ್ಸು 11 ವರ್ಷ, ಮೈನರ್, ತಾಯಿಯ ಮೂಲಕ’ ಎಂದು ಬರೆದಿದೆ. ಆ ಕಾಪಿ ನನ್ನ ಕೈಗೆ ಬಂದಾಗ ಅವಳಿಗೆ 13 ತುಂಬಿತ್ತು. ಮಗನ ಹೆಸರಿನ ಮುಂದೆ 7 ಎಂದಿದೆ, ಅವನಿಗೆ ಆಗ 9. ಅರ್ಜಿ ಹಾಕಿದ ದಿನದಿಂದ ಆದೇಶ ಸಿಗುವ ದಿನದ ತನಕ ಎರಡು ವರ್ಷ ಹೋಯಿತು. ಆಮೇಲೆ ಇನ್ನೂ ಎರಡು ವರ್ಷ ಕಳೆದಿದೆ. ಮೊದಲಿನ ಎರಡು ವರ್ಷ ನನ್ನನ್ನು ದಣಿಸಿತು. ಆದರೆ ಆಮೇಲಿನ ಎರಡು ವರ್ಷವೇ ನನಗೆ ಜಾಸ್ತಿ ಚಿಂತೆ ಹಚ್ಚಿದೆ. ಅದಕ್ಕೇ ಈ ಪತ್ರ.

ನನ್ನ ಗಂಡ ಉಯಿಲು ಬರೆದಿರಲಿಲ್ಲ. ನಲವತ್ತರ ಆಸುಪಾಸಿನಲ್ಲಿ ಅದರ ಯೋಚನೆ ಯಾರಿಗೆ ಬರುತ್ತದೆ? ಅವರು ದುಡಿದು ಕೊಂಡಿದ್ದ ಒಂದು ಸೈಟ್ ಇತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅದು ನಾಲ್ಕು ಸಮಪಾಲಾಯಿತು. ನನಗೊಂದು, ಅತ್ತೆಗೊಂದು, ಮಗಳಿಗೊಂದು, ಮಗನಿಗೊಂದು. ಆಸ್ಪತ್ರೆಗೆಂದು ಮಾಡಿದ ಸಾಲ ತೀರಿಸಬೇಕಿತ್ತು. ಮಕ್ಕಳ ಓದು ಮುಂದಿತ್ತು. ಅತ್ತೆಯೇ ಮೊದಲು ಬಾಯಿಬಿಟ್ಟು ‘ಮಾರಿಬಿಡಮ್ಮ, ಮಕ್ಕಳಿಗಿಂತ ಸೈಟ್ ದೊಡ್ಡದಲ್ಲ’ ಎಂದರು. ಕೊಳ್ಳುವವರೂ ಸಿಕ್ಕಿದರು. ಅವರ ವಕೀಲರು ಕಾಗದಪತ್ರಗಳನ್ನೆಲ್ಲ ತಿರುವಿ ಹಾಕಿ ಒಂದೇ ಪ್ರಶ್ನೆ ಕೇಳಿದರು: ‘ಮೈನರ್ ಮಕ್ಕಳ ಪಾಲಿಗೆ ಕೋರ್ಟ್ ಪರ್ಮಿಷನ್ ಎಲ್ಲಿ ಮೇಡಂ?’

ಪಕ್ಕದಲ್ಲಿದ್ದ ಬ್ರೋಕರ್ ನಕ್ಕುಬಿಟ್ಟರು. ‘ಅದೆಲ್ಲಾ ಯಾಕಮ್ಮ, ವರ್ಷಗಟ್ಟಲೆ ಎಳೆಯುತ್ತೆ. ನೀವು ಗಾರ್ಡಿಯನ್ ಅಂತ ಸೈನ್ ಮಾಡಿ, ಒಂದು ಮುಚ್ಚಳಿಕೆ ಬರೆದುಕೊಡಿ, ಸಾಕು. ಎಷ್ಟು ಜನ ಹೀಗೇ ಮಾಡ್ತಾರೆ’ ಎಂದರು. ಎಷ್ಟೋ ಜನ ಹಾಗೇ ಮಾಡುತ್ತಾರೆ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಯಾಕೆ ಮಾಡುತ್ತಾರೆ ಅನ್ನುವುದೂ ಗೊತ್ತಾಯಿತು.

ನಾನು ಒಬ್ಬ ವಕೀಲರ ಹತ್ತಿರ ಹೋದೆ. ಹಿಂದೂ ಅಪ್ರಾಪ್ತ ವಯಸ್ಕರ ಪೋಷಕತ್ವ ಕಾಯ್ದೆ 1956ರದ್ದು. ಅದರ 8ನೇ ಸೆಕ್ಷನ್ ಹೇಳುವುದು ಇಷ್ಟು: ಅಪ್ಪ ಆಗಲಿ ಅಮ್ಮ ಆಗಲಿ, ಮಗುವಿನ ಸ್ಥಿರಾಸ್ತಿಯನ್ನು ಕೋರ್ಟಿನ ಅನುಮತಿ ಮೊದಲೇ ಪಡೆಯದೆ ಮಾರುವಂತಿಲ್ಲ, ಅಡ ಇಡುವಂತಿಲ್ಲ, ದಾನ ಕೊಡುವಂತಿಲ್ಲ, ಅದಲುಬದಲು ಮಾಡುವಂತಿಲ್ಲ. ಐದು ವರ್ಷಕ್ಕಿಂತ ಜಾಸ್ತಿ ಗುತ್ತಿಗೆಗೂ ಕೊಡುವಂತಿಲ್ಲ. ಅನುಮತಿಯೂ ಸುಮ್ನೆ ಸಿಗುವುದಿಲ್ಲ. ನಿಜವಾದ ಅಗತ್ಯ ಇರಬೇಕು, ಇಲ್ಲವೇ ಮಗುವಿಗೆ ಎದ್ದು ಕಾಣುವ ಲಾಭ ಇರಬೇಕು. ಅನುಮತಿ ಇಲ್ಲದೆ ಮಾರಿದರೆ ಮಗು ದೊಡ್ಡದಾದ ಮೇಲೆ ಆ ಮಾರಾಟವನ್ನು ಒಪ್ಪದೆ ತಳ್ಳಿಹಾಕಬಹುದು. ದಾವೆ ಹೂಡಿ ರದ್ದು ಮಾಡಿಸಲು 18 ತುಂಬಿದ ಮೇಲೆ ಮೂರು ವರ್ಷದ ಗಡುವು ಇದೆ.

ಇದನ್ನು ಕೇಳಿದಾಗ ನನಗೆ ಕೋಪ ಬರಲಿಲ್ಲ. ಮನಸ್ಸಿಗೆ ನೆಮ್ಮದಿಯೇ ಆಯಿತು. ನನ್ನ ಮಕ್ಕಳ ಪಾಲನ್ನು ಯಾರೋ ಒಬ್ಬರು ನನಗಿಂತ ಮೊದಲೇ ಯೋಚಿಸಿ ಕಾಪಾಡಿಟ್ಟಿದ್ದಾರೆ ಅನ್ನಿಸಿತು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದನ್ನು ಓದಿ ‘ಈ ಅನುಮತಿಯ ಗೋಜೇ ಬೇಡ ಅನ್ನುತ್ತಿದ್ದಾರೆ’ ಎಂದು ಯಾರೂ ತಿಳಿಯಬಾರದು. ಅನುಮತಿ ಬೇಕೇ ಬೇಕು.

ಆದರೆ ದಾರಿ? ಮೊದಲು ನಮ್ಮ ಅರ್ಜಿ ಕೌಟುಂಬಿಕ ನ್ಯಾಯಾಲಯಕ್ಕೆ ಹೋಯಿತು. ‘ನನ್ನನ್ನು ಮಕ್ಕಳ ಗಾರ್ಡಿಯನ್ ಎಂದು ನೇಮಿಸಿ’ ಎಂದು ಅದರಲ್ಲಿ ಕೇಳಿದ್ದೆವು. ಅದು ವಾಪಸ್ ಬಂತು. ಕೌಟುಂಬಿಕ ನ್ಯಾಯಾಲಯ ನೋಡುವುದು ಮಗು ಯಾರ ಬಳಿ ಇರಬೇಕು ಅನ್ನುವುದನ್ನು. ಮಗುವಿನ ಆಸ್ತಿಯ ವಿಷಯ ಬಂದರೆ ಜಿಲ್ಲಾ ನ್ಯಾಯಾಲಯ ಅಥವಾ ಸಿಟಿ ಸಿವಿಲ್ ಕೋರ್ಟಿಗೆ ಹೋಗಬೇಕು, ಅದೂ ಆಸ್ತಿ ಇರುವ ಜಾಗದ ಕೋರ್ಟಿಗೆ. ಇನ್ನೊಂದು ತಪ್ಪೂ ಆಗಿತ್ತು. ಗಂಡ ತೀರಿಕೊಂಡ ಮೇಲೆ ಹಿಂದೂ ತಾಯಿ ಕಾನೂನಿನ ಪ್ರಕಾರವೇ ಸಹಜ ಪೋಷಕಿ. ಅವಳನ್ನು ಕೋರ್ಟ್ ಹೊಸದಾಗಿ ನೇಮಿಸಬೇಕಿಲ್ಲ. ಮಾರಾಟಕ್ಕೆ ಅನುಮತಿ ಕೇಳಿದರೆ ಸಾಕು. ನೇಮಕ ಬೇರೆ, ಅನುಮತಿ ಬೇರೆ. ಈ ಎರಡು ಸಾಲು ನಮಗೆ ತಿಳಿಯುವುದಕ್ಕೆ ಎಂಟು ತಿಂಗಳು ಬೇಕಾಯಿತು.

ಮತ್ತೆ ಹೊಸ ಅರ್ಜಿ. ಡೆತ್ ಸರ್ಟಿಫಿಕೇಟ್, ವಂಶವೃಕ್ಷ, ಕ್ರಯಪತ್ರ, ಋಣಭಾರ ಪತ್ರ, ಮಕ್ಕಳ ಜನನ ಪ್ರಮಾಣಪತ್ರ ಎಲ್ಲ ಮತ್ತೆ ಕೊಟ್ಟೆ. ಪೇಪರ್‌ನಲ್ಲಿ ಪ್ರಕಟಣೆ ಆಯಿತು. ಅತ್ತೆ ಬಂದು ನಮ್ಮದೇನೂ ತಕರಾರಿಲ್ಲ ಎಂದು ಹೇಳಿ ಹೋದರು. ಆಮೇಲೆ ಡೇಟ್ ಮೇಲೆ ಡೇಟ್ ಬಿತ್ತು. ಒಮ್ಮೆ ನ್ಯಾಯಾಧೀಶರ ವರ್ಗಾವಣೆ, ಒಮ್ಮೆ ರಜೆ, ಒಮ್ಮೆ ವಕೀಲರಿಗೆ ಬೇರೆ ಕೋರ್ಟಿನಲ್ಲಿ ಕೆಲಸ. ನಮ್ಮ ಅರ್ಜಿಗೆ ಎದುರಾಳಿ ಅಂತ ಯಾರೂ ಇರಲಿಲ್ಲ. ಆದರೂ ಅದು ಜಗಳದ ದಾವೆಗಳ ಸಾಲಿನಲ್ಲೇ ನಿಂತಿತ್ತು. ಕೊಳ್ಳಲು ಬಂದಿದ್ದವರು ಕಾದು ಕಾದು ಅಡ್ವಾನ್ಸ್ ವಾಪಸ್ ತೆಗೆದುಕೊಂಡು ಹೋದರು. ಅವರನ್ನು ತಪ್ಪು ಅನ್ನುವುದಕ್ಕಾಗುವುದಿಲ್ಲ. ಆಸ್ಪತ್ರೆಯ ಸಾಲಕ್ಕೆ ಮಾತ್ರ ಬಡ್ಡಿ ನಿಲ್ಲಲಿಲ್ಲ.

ಆ ದಿನಗಳಲ್ಲಿ ಕೋರ್ಟ್ ಹಾಲಿನ ಹೊರಗಿನ ಬೆಂಚಿನ ಮೇಲೆ ನನ್ನ ಜೊತೆ ಇನ್ನೊಬ್ಬ ತಾಯಿ ಕೂರುತ್ತಿದ್ದರು. ಮುಸ್ಲಿಂ ಹೆಣ್ಣುಮಗಳು, ಅವರಿಗೂ ಗಂಡ ಇರಲಿಲ್ಲ. ಅವರ ಕಷ್ಟ ನನ್ನದಕ್ಕಿಂತ ದೊಡ್ಡದು. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ಮಗುವಿನ ಆಸ್ತಿಗೆ ತಂದೆ ಪೋಷಕ, ಅವರು ಇಲ್ಲದಿದ್ದರೆ ಅವರು ಉಯಿಲಿನಲ್ಲಿ ನೇಮಿಸಿದವರು, ಆಮೇಲೆ ತಂದೆಯ ತಂದೆ. ತಾಯಿ ಆ ಸಾಲಿನಲ್ಲಿ ಬರುವುದೇ ಇಲ್ಲ. ಹೆತ್ತು ಸಾಕಿದ ಮಗುವಿನ ಪಾಲಿಗೆ ತಾನು ಪೋಷಕಿ ಎನ್ನಿಸಿಕೊಳ್ಳಲು ಅವರು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಕೋರ್ಟಿನಿಂದ ನೇಮಕವಾಗಬೇಕು. ‘ಮನೆಯ ಬಾಡಿಗೆ ವಸೂಲಿ ಮಾಡೋಕೂ ನಾನ್ಯಾರು ಅಂತ ಕೇಳ್ತಾರೆ’ ಎಂದು ಒಂದು ದಿನ ಹೇಳಿದರು. ಅವರ ಕೈಚೀಲದಲ್ಲಿ ಸದಾ ಮಗುವಿನ ಶಾಲೆಯ ಗುರುತಿನ ಚೀಟಿ ಇರುತ್ತಿತ್ತು. ಯಾರಾದರೂ ಕೇಳಿದರೆ ತೋರಿಸಲು.

ಬದುಕಿದ್ದೂ ಮನೆಯ ಕಡೆ ತಲೆ ಹಾಕದ ಗಂಡಂದಿರ ಹೆಂಡತಿಯರೂ ಅಲ್ಲಿ ಇದ್ದರು. 1999ರಲ್ಲೇ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತನ್ನು ಬಿಡಿಸಿ ಹೇಳಿದೆ. ಪೋಷಕರು ಯಾರು ಎಂದು 1956ರ ಕಾಯ್ದೆ ಹೇಳುವ ‘ತಂದೆ, ಅವನ ನಂತರ ತಾಯಿ’ ಅಂದರೆ ತಂದೆ ಸತ್ತ ನಂತರ ಎಂದೇ ಅರ್ಥವಲ್ಲ, ತಂದೆ ಮಗುವಿನ ಹೊಣೆಯಿಂದ ದೂರ ಇದ್ದಾಗಲೂ ತಾಯಿಯೇ ಪೋಷಕಿ ಎಂದು. ಆ ತೀರ್ಪು ಬಂದು ಇಷ್ಟು ವರ್ಷವಾದರೂ ಕೌಂಟರ್‌ಗಳಲ್ಲಿ ಇನ್ನೂ ‘ಅಪ್ಪನ ಸೈನ್ ಎಲ್ಲಿ’ ಎಂದೇ ಕೇಳುತ್ತಾರೆ.

ಕೊನೆಗೆ ನನ್ನ ಸಾಕ್ಷಿ ಹೇಳುವ ದಿನ ಬಂತು. ಕಟಕಟೆಯಲ್ಲಿ ನಿಂತಾಗ ಕೈ ನಡುಗುತ್ತಿತ್ತು. ನ್ಯಾಯಾಧೀಶರು ಸಾಲದ ರಸೀದಿಗಳನ್ನು ನೋಡಿದರು, ಮಕ್ಕಳ ಶಾಲೆಯ ಬಗ್ಗೆ ಕೇಳಿದರು. ಆಮೇಲೆ ತಲೆ ಎತ್ತಿ ಕೇಳಿದರು: ‘ನಾಳೆ ನಿಮಗೇ ಏನಾದರೂ ಆದರೆ, ಈ ಮಕ್ಕಳ ದುಡ್ಡು ಎಲ್ಲಿದೆ ಅಂತ ಯಾರಿಗಮ್ಮ ಗೊತ್ತಿರುತ್ತೆ?’

ನನಗೆ ಉತ್ತರ ಹೊಳೆಯಲಿಲ್ಲ. ‘ಅತ್ತೆಗೆ ಗೊತ್ತಿರುತ್ತೆ’ ಎಂದೆ. ಅವರು ಏನೋ ಬರೆದುಕೊಂಡರು. ಎರಡು ವರ್ಷದಲ್ಲಿ ನನ್ನನ್ನು ಕೇಳಿದ ಪ್ರಶ್ನೆಗಳಲ್ಲಿ ಅದೇ ಸರಿಯಾದ ಪ್ರಶ್ನೆ.

ಆದೇಶ ಒಳ್ಳೆಯದೇ ಬಂತು. ಮಾರಬಹುದು. ಮಕ್ಕಳಿಬ್ಬರ ಪಾಲನ್ನು ಅವರವರ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ 18 ತುಂಬುವ ತನಕ ಎಫ್‌ಡಿ ಇಡಬೇಕು, ಬಡ್ಡಿಯನ್ನು ಅವರ ಓದಿಗೆ ಬಳಸಬಹುದು, ಅಸಲನ್ನು ಕೋರ್ಟ್ ಅನುಮತಿ ಇಲ್ಲದೆ ಮುಟ್ಟಬಾರದು. ಹೊಸದಾಗಿ ಸಿಕ್ಕಿದ ಖರೀದಿದಾರರಿಗೆ ಸೈಟ್ ಮಾರಿದೆವು. ನಾನು ಎಫ್‌ಡಿ ಇಟ್ಟೆ, ಆದೇಶದ ಪ್ರತಿ ಬ್ಯಾಂಕಿಗೆ ಕೊಟ್ಟೆ. ಅಲ್ಲಿನ ಗುಮಾಸ್ತರು ಅದನ್ನು ಅರ್ಜಿಗೆ ಪಿನ್ ಹೊಡೆದು ಫೈಲಿಗೆ ಸೇರಿಸಿದರು.

ಒಂದು ವರ್ಷ ಕಳೆದ ಮೇಲೆ ಬಡ್ಡಿಯ ವಿಚಾರಕ್ಕೆ ಅದೇ ಬ್ಯಾಂಕಿಗೆ ಹೋದೆ. ಕೌಂಟರ್‌ನಲ್ಲಿ ಹೊಸಬರಿದ್ದರು. ಕಂಪ್ಯೂಟರ್ ನೋಡಿ ಸಹಾಯ ಮಾಡುವ ದನಿಯಲ್ಲೇ ಕೇಳಿದರು: ‘ಎಫ್‌ಡಿ ಮುರಿಸಬೇಕಾ ಮೇಡಂ? ನೀವೇ ಗಾರ್ಡಿಯನ್ ಅಲ್ವಾ, ಇಲ್ಲೊಂದು ಸೈನ್ ಹಾಕಿ, ನಾಳೆ ನಿಮ್ಮ ಅಕೌಂಟಿಗೆ ಬರುತ್ತೆ.’

ಅವರ ತಪ್ಪು ಅಂತ ನಾನು ಹೇಳುವುದಿಲ್ಲ. ಅವರ ಪರದೆಯ ಮೇಲೆ ಕೋರ್ಟ್ ಆದೇಶ ಕಾಣುತ್ತಿರಲಿಲ್ಲ, ಅಷ್ಟೇ. ಪಿನ್ ಹೊಡೆದ ಕಾಗದ ಯಾವುದೋ ಕಪಾಟಿನಲ್ಲಿತ್ತು. ಆ ಫಾರಂ ಅನ್ನು ಅವರು ನನ್ನ ಕಡೆ ತಳ್ಳಿದಾಗ, ಪೆನ್ನು ಕೌಂಟರಿಗೆ ದಾರದಿಂದ ಕಟ್ಟಿತ್ತು, ಅದನ್ನೇ ನೋಡುತ್ತಾ ನಿಂತೆ. ಮನೆಯಲ್ಲಿ ಆ ತಿಂಗಳು ದುಡ್ಡಿನ ಮುಗ್ಗಟ್ಟಿತ್ತು. ಎರಡು ವರ್ಷ ಕೋರ್ಟಿಗೆ ಅಲೆದು ಕಾಪಾಡಿಕೊಂಡ ಮಕ್ಕಳ ಪಾಲು ಒಂದು ಸಹಿಯಷ್ಟು ದೂರದಲ್ಲಿತ್ತು. ನಾನು ಸಹಿ ಹಾಕಲಿಲ್ಲ. ಆದರೆ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅವತ್ತಿನಿಂದ ಈ ಕಾನೂನನ್ನು ಕೂತು ಓದಲು ಶುರು ಮಾಡಿದೆ. ಓದಿದಷ್ಟೂ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಅನುಮತಿ ಬೇಕಾಗುವುದು ಸ್ಥಿರಾಸ್ತಿಗೆ ಮಾತ್ರ. ಮಗುವಿನ ಪಾಲು ಸೈಟ್ ಆಗಿ, ಮನೆಯಾಗಿ, ಹೊಲವಾಗಿ ಇರುವ ತನಕ ಕೋರ್ಟಿನ ಕಾವಲು ಇರುತ್ತದೆ. ಅದೇ ಪಾಲು ದುಡ್ಡಾಗಿ ಬ್ಯಾಂಕಿಗೆ ಬಂದ ಮೇಲೆ ಆ ಕಾವಲು ಸಡಿಲವಾಗುತ್ತದೆ. ಆದೇಶದಲ್ಲಿ ಷರತ್ತು ಹಾಕಿದ್ದರೆ ಅದು ಇರುತ್ತದೆ. ಆದರೆ ಷರತ್ತು ಪಾಲನೆ ಆಯಿತೇ ಎಂದು ತಿರುಗಿ ನೋಡುವವರು ಯಾರು? ಎದುರಾಳಿಯೇ ಇಲ್ಲದ ಅರ್ಜಿ ಅದು. ತಕರಾರು ತೆಗೆಯಬೇಕಾದ ವ್ಯಕ್ತಿಗೆ ಇನ್ನೂ ಒಂಬತ್ತು ವರ್ಷ.

ಕೋರ್ಟಿಗೆ ಅಧಿಕಾರ ಇಲ್ಲ ಅಂತಲ್ಲ. 1890ರ ಕಾಯ್ದೆ ಬರೆದವರು ಇದನ್ನೆಲ್ಲ ಯೋಚಿಸಿದ್ದರು. 31ನೇ ಸೆಕ್ಷನ್ ಪ್ರಕಾರ ಮಾರಾಟದ ದುಡ್ಡನ್ನು ಕೋರ್ಟಿನಲ್ಲೇ ಕಟ್ಟಿಸಿಕೊಳ್ಳಬಹುದು, ಬಹಿರಂಗ ಹರಾಜಿನಲ್ಲೇ ಮಾರಿ ಎನ್ನಬಹುದು. ಕೋರ್ಟ್ ನೇಮಿಸಿದ ಪೋಷಕರಾದರೆ 34ನೇ ಸೆಕ್ಷನ್ ಪ್ರಕಾರ ಮುಚ್ಚಳಿಕೆ ಬರೆಸಿಕೊಳ್ಳಬಹುದು, ಆರು ತಿಂಗಳೊಳಗೆ ಮಗುವಿನ ಆಸ್ತಿ, ಸಾಲ ಎಲ್ಲದರ ಪಟ್ಟಿ ತರಿಸಿಕೊಳ್ಳಬಹುದು, ಲೆಕ್ಕ ಕೇಳಬಹುದು. ಆದರೆ ಅಲ್ಲಿ ಒಂದು ಸಣ್ಣ ಮಾತಿದೆ: ‘ಕೋರ್ಟ್ ಕೇಳಿದರೆ’. ಕೇಳಿದರೆ ಕೊಡಬೇಕು. ಕೇಳದಿದ್ದರೆ? ನೂರಾರು ಫೈಲುಗಳ ನಡುವೆ ಮುಗಿದುಹೋದ ಅರ್ಜಿಯನ್ನು ಯಾರು ತೆಗೆದು ನೋಡಿ ಕೇಳುತ್ತಾರೆ?

ಅಂದರೆ ಪ್ರಾಮಾಣಿಕವಾಗಿ ಅನುಮತಿ ಕೇಳಲು ಬಂದ ತಾಯಿ ತಂದೆಗೆ ಬಾಗಿಲಲ್ಲೇ ಎರಡು ವರ್ಷ ತಡೆ, ಬಾಗಿಲು ದಾಟಿದ ಮೇಲೆ ಯಾವ ವಿಚಾರಣೆಯೂ ಇಲ್ಲ. ಇದು ತಿರುಗುಮುರುಗಾಗಿದೆ ಅನ್ನಿಸುತ್ತದೆ ನನಗೆ. ಬಾಗಿಲು ಸ್ವಲ್ಪ ಬೇಗ ತೆರೆಯಬೇಕು. ಒಳಗೆ ಬಂದ ಮೇಲೆ ಹಿಂದೆಯೇ ಒಂದು ಕಣ್ಣು ಇರಬೇಕು.

ಬಾಗಿಲಲ್ಲಿ ಕಾಯಲಾರದೆ ಬ್ರೋಕರ್ ಮಾತು ಕೇಳಿದವರ ಮನೆಯಲ್ಲಿ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ದಾವಣಗೆರೆ ಹತ್ತಿರದ ಶಾಮನೂರಿನಲ್ಲಿ 1971ರಲ್ಲಿ ಒಬ್ಬ ತಂದೆ ತನ್ನ ಮೂವರು ಮೈನರ್ ಗಂಡುಮಕ್ಕಳ ಹೆಸರಿನಲ್ಲಿ ಎರಡು ನಿವೇಶನ ಕೊಂಡರು. ಆಮೇಲೆ ಕೋರ್ಟಿನ ಅನುಮತಿ ಪಡೆಯದೆ ಮಾರಿದರು. ಮಕ್ಕಳು ದೊಡ್ಡವರಾದ ಮೇಲೆ ಅದೇ ಜಾಗವನ್ನು ಬೇರೆಯವರಿಗೆ ಮಾರಿದರು. ಜಗಳ ಕೋರ್ಟಿನಿಂದ ಕೋರ್ಟಿಗೆ ಹೋಗಿ, 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಂಥ ಮಾರಾಟವನ್ನು ತಳ್ಳಿಹಾಕಲು ಮಗು ದೊಡ್ಡದಾದ ಮೇಲೆ ದಾವೆಯನ್ನೇ ಹೂಡಬೇಕೆಂದಿಲ್ಲ, ಗಡುವಿನೊಳಗೆ ತನ್ನ ನಡೆಯಿಂದಲೂ, ಅಂದರೆ ಅದೇ ಆಸ್ತಿಯನ್ನು ತಾನೇ ಬೇರೆಯವರಿಗೆ ಮಾರಿ, ತಳ್ಳಿಹಾಕಬಹುದು ಎಂದಿತು. ಮಕ್ಕಳ ಹಕ್ಕಿಗೆ ಬಲ ಕೊಟ್ಟ ತೀರ್ಪು, ಸಂತೋಷ. ಆದರೆ ನಡುವೆ ದುಡ್ಡು ಕೊಟ್ಟು ಕೊಂಡವರ ಗತಿ ನೋಡಿ. 1971ರಲ್ಲಿ ಕೊಂಡ ನಿವೇಶನದ ಕಥೆ ಮುಗಿದಿದ್ದು ಐವತ್ತು ವರ್ಷ ದಾಟಿದ ಮೇಲೆ.

ಮಕ್ಕಳ ಹೆಸರಿನಲ್ಲಿ ಪ್ರೀತಿಯಿಂದ ಸೈಟ್ ಕೊಳ್ಳುವ ಅಪ್ಪ ಅಮ್ಮಂದಿರಿಗೂ ಇದು ತಿಳಿದಿರಲಿ. ನಿಮ್ಮದೇ ದುಡ್ಡು ಕೊಟ್ಟು ಕೊಂಡಿದ್ದರೂ, ಮಗುವಿನ ಹೆಸರಿಗೆ ನೋಂದಣಿ ಮಾಡಿಸಿದ ಮೇಲೆ ಅದು ಮಗುವಿನದು. ಮಾರಬೇಕೆಂದರೆ ನೀವೂ ಕೋರ್ಟಿನ ಮುಂದೆ ನಿಲ್ಲಬೇಕು. ಅವಿಭಕ್ತ ಕುಟುಂಬದ ಆಸ್ತಿಯ ವಿಷಯ ಬೇರೆ, ಅಲ್ಲಿ ಯಜಮಾನ ಮಾರುವಾಗ ಈ 8ನೇ ಸೆಕ್ಷನ್ ಅಡ್ಡ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ.

ಸನ್ಮಾನ್ಯರೇ, ತಮ್ಮಲ್ಲಿ ನನ್ನ ಕೋರಿಕೆ ಇದು. 1890ರ ಕಾಯ್ದೆಯ 50ನೇ ಸೆಕ್ಷನ್ ಹೈಕೋರ್ಟಿಗೇ ನಿಯಮ ಮಾಡುವ ಅಧಿಕಾರ ಕೊಟ್ಟಿದೆ. ಕಾಯ್ದೆ ತಿದ್ದಲು ಸಂಸತ್ತಿನ ಕಡೆ ನೋಡಬೇಕಾಗಿಲ್ಲ. ಆ ಅಧಿಕಾರದಲ್ಲಿ, ಎದುರಾಳಿ ಇಲ್ಲದ ಇಂಥ ಅರ್ಜಿಗಳನ್ನು ಬೇರೆಯಾಗಿಯೇ ಪಟ್ಟಿ ಮಾಡಿ, ಇಷ್ಟು ತಿಂಗಳೊಳಗೆ ಮುಗಿಸಬೇಕು ಎಂದು ಗೊತ್ತು ಮಾಡಿ. ಕನ್ನಡದಲ್ಲಿ ಒಂದು ಸರಳ ಫಾರಂ ಮಾಡಿಸಿ. ನೇಮಕ ಬೇಕೋ ಅನುಮತಿ ಬೇಕೋ, ಯಾವ ಕೋರ್ಟಿಗೆ ಹೋಗಬೇಕು, ಯಾವ ಕಾಗದ ಬೇಕು ಎಂದು ಅದರ ಹಿಂಬದಿಯಲ್ಲೇ ಅಚ್ಚು ಹಾಕಿಸಿ. ಅದನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ಇಡಿಸಿ. ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ ಎಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ನನಗೆ ಅದು ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ. ಬೆಂಚಿನ ಮೇಲೆ ಕೂತಿದ್ದ ಆ ತಾಯಿಗೆ ಇವತ್ತಿಗೂ ಗೊತ್ತಿದೆಯೋ ಇಲ್ಲವೋ.

ಇದಕ್ಕಿಂತ ದೊಡ್ಡ ಕೋರಿಕೆ ಇನ್ನೊಂದಿದೆ. ಅನುಮತಿ ಕೊಟ್ಟ ದಿನ ಫೈಲ್ ಮುಚ್ಚಬೇಡಿ. ಆದೇಶದ ಪ್ರತಿಯನ್ನು ನನ್ನ ಕೈಯಲ್ಲಿ ಕೊಟ್ಟು ಕಳಿಸುವ ಬದಲು ಕೋರ್ಟಿನಿಂದಲೇ ಬ್ಯಾಂಕಿಗೆ ಹೋಗಲಿ, ಆ ಠೇವಣಿಯ ಮೇಲೆ ಕೋರ್ಟಿನ ತಡೆ ಕಂಪ್ಯೂಟರ್‌ನಲ್ಲೇ ಕಾಣಲಿ. ವರ್ಷಕ್ಕೊಂದು ಪುಟ ಲೆಕ್ಕ ಕೊಡುವುದು ‘ಕೇಳಿದರೆ’ ಅಲ್ಲ, ಪ್ರತಿ ಆದೇಶದಲ್ಲೂ ಕಡ್ಡಾಯ ಎಂದಾಗಲಿ. ಒಂದೇ ಪುಟ ಸಾಕು: ಅಸಲು ಎಷ್ಟಿದೆ, ಬಡ್ಡಿ ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು. ಲೆಕ್ಕ ಕೊಡುವುದನ್ನು ಒಳ್ಳೆಯ ತಂದೆ ತಾಯಿ ಅವಮಾನ ಅಂದುಕೊಳ್ಳುವುದಿಲ್ಲ. ನನಗಂತೂ ಅದು ಆಸರೆ. ಮುಗ್ಗಟ್ಟಿನ ತಿಂಗಳಲ್ಲಿ ನೆಂಟರು ‘ಅಷ್ಟು ದುಡ್ಡು ಇಟ್ಕೊಂಡು ಯಾಕೆ ಒದ್ದಾಡ್ತೀಯ’ ಅಂದಾಗ, ‘ಕೋರ್ಟಿಗೆ ಲೆಕ್ಕ ಕೊಡಬೇಕು’ ಎಂದು ಹೇಳಲು ನನಗೊಂದು ಮಾತು ಇರುತ್ತದೆ.

ಮಗುವಿಗೆ 18 ತುಂಬಿದಾಗ ಕೋರ್ಟಿನಿಂದ ಅದರ ಹೆಸರಿಗೇ ಒಂದು ಕಾಗದ ಬರಲಿ. ‘ನೀನು ಚಿಕ್ಕವಳಿದ್ದಾಗ ನಿನ್ನ ಆಸ್ತಿಯನ್ನು ಮಾರಲು ಇಂಥ ತಾರೀಖು ಅನುಮತಿ ಕೊಟ್ಟಿದ್ದೆವು. ನಿನ್ನ ಪಾಲಿನ ದುಡ್ಡು ಇಂಥ ಬ್ಯಾಂಕಿನಲ್ಲಿದೆ. ಏನಾದರೂ ತಕರಾರಿದ್ದರೆ ಇಷ್ಟು ದಿನದೊಳಗೆ ಬಾ.’ ಇಷ್ಟು ಬರೆದಿದ್ದರೆ ಸಾಕು. ಹುಟ್ಟಿದ ತಾರೀಖು ಫೈಲಿನಲ್ಲಿ ಇದ್ದೇ ಇದೆ. ತನಗೆ ಪಾಲಿತ್ತು ಅನ್ನುವುದೇ ತಿಳಿಯದ ಮಗು ಯಾವ ಹಕ್ಕನ್ನು ಯಾವ ಗಡುವಿನೊಳಗೆ ಕೇಳಬೇಕು? ನಾನು ಇಲ್ಲವಾದರೆ, ಅತ್ತೆಯೂ ಇಲ್ಲವಾದರೆ, ಆ ಎರಡು ಎಫ್‌ಡಿಗಳ ವಿಷಯ ಹೇಳಲು ನನ್ನ ಮಕ್ಕಳಿಗೆ ಯಾರಿದ್ದಾರೆ? ನ್ಯಾಯಾಧೀಶರು ಅವತ್ತು ಕೇಳಿದ ಪ್ರಶ್ನೆಗೆ ಆ ಕಾಗದವೇ ಉತ್ತರ.

ಮಗಳಿಗೆ ಈಗ 15. ನಾನು ಪ್ರತಿ ಏಪ್ರಿಲ್‌ನಲ್ಲಿ ಒಂದು ಪುಟದ ಲೆಕ್ಕ ಬರೆಯುತ್ತೇನೆ. ಬ್ಯಾಂಕಿನ ಸ್ಟೇಟ್‌ಮೆಂಟ್ ಅದಕ್ಕೆ ಪಿನ್ ಮಾಡುತ್ತೇನೆ. ಮಗಳು ಅದನ್ನು ಓದಿ, ಕೂಡಿಸಿ ನೋಡಿ, ಕೆಳಗೆ ತನ್ನ ಸಹಿ ಹಾಕುತ್ತಾಳೆ. ಕಳೆದ ಸಲ ತಮ್ಮನನ್ನೂ ಕೂರಿಸಿಕೊಂಡು ಓದಿ ಹೇಳಿದಳು. ಎರಡು ವರ್ಷದ ಎರಡು ಪುಟ ಆ ಸರ್ಟಿಫೈಡ್ ಕಾಪಿಯ ಜೊತೆ ಒಂದೇ ಕವರ್‌ನಲ್ಲಿವೆ. ಇದುವರೆಗೆ ಯಾರೂ ಕೇಳಿಲ್ಲ. ಕೋರ್ಟ್ ಕೇಳಿದ ದಿನ ಕೊಡಲು ಸಿದ್ಧವಾಗಿಟ್ಟಿದ್ದೇನೆ.

ತಮ್ಮ ವಿಶ್ವಾಸಿ,
ಇಬ್ಬರು ಮಕ್ಕಳ ತಾಯಿ